ಅತ್ತೆಗೆ ಅರಳುಮರಳು ಅಂದುಕೊಂಡಿದ್ದೆವು: ಕಿವಿ ಮಷೀನಿನ ಜೊತೆ ಎಂಟು ತಿಂಗಳು

ಇದು ಕಿವಿ ಮಷೀನಿನ ರಿವ್ಯೂ. ಆದರೆ ಕತೆ ಶುರುವಾಗುವುದು ಒಂದು ಕಟ್ಟು ಸೊಪ್ಪಿನಿಂದ. ನಡುವೆ ಒಂದು ಮೊಬೈಲ್ ಆ್ಯಪ್ ಕೂಡ ಬರುತ್ತದೆ, ಅದಕ್ಕೂ ಸೇರಿಸಿ ಮಾರ್ಕು ಕೊಟ್ಟುಬಿಡುತ್ತೇನೆ.

ಹೋದ ವರ್ಷ ಆಟಿ ತಿಂಗಳ 18ರ ಬೆಳಗ್ಗೆ, ಅಂದರೆ ಆಗಸ್ಟ್ ಶುರುವಿನಲ್ಲಿ. ನಮ್ಮ ಕೊಡಗಿನಲ್ಲಿ ಆ ದಿನ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಹೊರಗೆ ಧೋ ಅಂತ ಮಳೆ. ನಮ್ಮವರು ಮದ್ದು ಸೊಪ್ಪು ಕೊಯ್ದು ತಂದು ಜಗಲಿಯಲ್ಲಿಟ್ಟು ತೋಟಕ್ಕೆ ಹೋಗಿದ್ದರು. ಒಲೆ ಮುಂದೆ ಇದ್ದ ನಾನು "ಅತ್ತೆ, ಆ ಸೊಪ್ಪು ಸ್ವಲ್ಪ ಕೊಡಿ" ಅಂದೆ. ಅತ್ತೆ ಉಪ್ಪಿನ ಭರಣಿ ತಂದುಕೊಟ್ಟರು. "ಉಪ್ಪಲ್ಲ ಅತ್ತೆ, ಸೊಪ್ಪು" ಅಂದೆ. "ಅದೇ ತಾನೇ ಕೊಟ್ಟದ್ದು" ಅಂದರು. ಪಾಯಸಕ್ಕೆ ಯಾರಾದರೂ ಭರಣಿಗಟ್ಟಲೆ ಉಪ್ಪು ಹಾಕುತ್ತಾರಾ? ಮೂರನೇ ಸಲ ನಾನು ಕೂಗಿದೆ, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಸಿಟ್ಟಿನಲ್ಲೇ ಕೂಗಿದೆ. ಅವರು ಭರಣಿಯನ್ನು ಅಲ್ಲೇ ಕಟ್ಟೆ ಮೇಲೆ ಇಟ್ಟು ಒಳಗೆ ಹೋಗಿ ಮಲಗಿಬಿಟ್ಟರು. ಆ ದಿನದ ಪಾಯಸವನ್ನು ಬಾಯಿಗೂ ಹಾಕಲಿಲ್ಲ.

ಅತ್ತೆಗೆ 73. ಅದಕ್ಕೂ ಒಂದೆರಡು ವರ್ಷದ ಹಿಂದಿನಿಂದಲೇ ಇಂಥದ್ದು ನಡೆಯುತ್ತಲೇ ಇತ್ತು. ಹೇಳಿದ್ದನ್ನೇ ಮತ್ತೆ ಕೇಳುವುದು, ಕೇಳಿದ್ದಕ್ಕೆ ಇನ್ನೇನೋ ಉತ್ತರ ಕೊಡುವುದು, "ನನಗೆ ಯಾರೂ ಹೇಳಲೇ ಇಲ್ಲ" ಅನ್ನುವುದು. ಮಡಿಕೇರಿಯ ಶುಕ್ರವಾರದ ಸಂತೆಗೆ ತಪ್ಪದೆ ಹೋಗುತ್ತಿದ್ದವರು ಹೋಗುವುದನ್ನು ಬಿಟ್ಟರು. ಮದುವೆ ಮನೆಗಳಲ್ಲಿ ಮೂಲೆಯ ಕುರ್ಚಿ ಹಿಡಿದು ಸುಮ್ನೆ ನಗುತ್ತಾ ಕೂರುತ್ತಿದ್ದರು. ಮನೆಯಲ್ಲಿ ನಾನೂ ನಮ್ಮವರೂ ಮಾತಾಡುತ್ತಿದ್ದರೆ ಬಾಗಿಲಲ್ಲಿ ನಿಂತು "ನನ್ನ ವಿಷಯವೇ ತಾನೇ?" ಅಂತ ಕೇಳುತ್ತಿದ್ದರು. ಬೆಂಗಳೂರಿನಲ್ಲಿರುವ ನಾದಿನಿ ಫೋನಿನಲ್ಲಿ ಒಂದೇ ಮಾತಿಗೆ ತೀರ್ಪು ಕೊಟ್ಟಳು, "ಅರವತ್ತಕ್ಕೆ ಅರಳುಮರಳು ಅಂತಾರೆ, ಅಮ್ಮನಿಗೆ ಎಪ್ಪತ್ತಕ್ಕೆ ಬಂದಿದೆ." ಅವಳೇ ಆ ಆ್ಯಪನ್ನೂ ಕಳಿಸಿದಳು.

ಆ್ಯಪಿನ ಹೆಸರು ಬೇಡ. ಮೆದುಳಿಗೆ ವ್ಯಾಯಾಮ, ದಿನಕ್ಕೆ 15 ನಿಮಿಷ ಆಡಿದರೆ ನೆನಪು ಚುರುಕಾಗುತ್ತದೆ ಅಂತ ಜಾಹೀರಾತು. ವರ್ಷಕ್ಕೆ ಎರಡು ಸಾವಿರದ ಚಿಲ್ಲರೆ. ಮೀನು ಎಣಿಸುವುದು, ಕಾರ್ಡು ತಿರುಗಿಸಿ ಜೋಡಿ ಹುಡುಕುವುದು, ಈ ಥರದ ಆಟಗಳು. ಹೇಗೆ ಆಡಬೇಕು ಅಂತ ಹೇಳುವುದು ಮಾತ್ರ ಇಂಗ್ಲಿಷಿನಲ್ಲಿ, ಅದೂ ಹೆಣ್ಣು ದನಿಯಲ್ಲಿ ಪಟಪಟ ಅಂತ. ಅತ್ತೆ ಎರಡು ತಿಂಗಳು ಪಾಪ ಶ್ರದ್ಧೆಯಿಂದ ಆಡಿದರು, ಮೀನು ಎಣಿಸುವುದರಲ್ಲಿ ನನ್ನನ್ನೇ ಸೋಲಿಸುವಷ್ಟು ಪಳಗಿದರು. ಆದರೆ ಮೀನು ಎಣಿಸಲು ಬಂತೇ ಹೊರತು ಬೇರೇನೂ ಬದಲಾಗಲಿಲ್ಲ. ಸೊಪ್ಪು ಉಪ್ಪಾಗಿಯೇ ಉಳಿಯಿತು. ಒಂದು ದಿನ ಅವರ ಮೆದುಳಿನ ವಯಸ್ಸು 81 ಅಂತ ತೋರಿಸಿತು ನೋಡಿ, ಅವತ್ತು ರಾತ್ರಿ ಅವರು ಊಟವನ್ನೇ ಮಾಡಲಿಲ್ಲ. ಮೊಬೈಲನ್ನು ಕವುಚಿ ಹಾಕಿ ಇಟ್ಟರು. ಇಂಥ ಆ್ಯಪುಗಳ ಭರವಸೆಗೆ ಒಂದು ಹಳೆಯ ಕತೆಯೂ ಇದೆ. ಲುಮೋಸಿಟಿ ಅನ್ನುವ ಪ್ರಸಿದ್ಧ ಆಟದ ಕಂಪನಿಯವರು ಮರೆವಿನ ಕಾಯಿಲೆ ತಡೆಯುತ್ತೇವೆ ಅನ್ನುವ ಹಾಗೆ ಜಾಹೀರಾತು ಕೊಟ್ಟರು ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೇಸು ಹಾಕಿತು. 2016ರಲ್ಲಿ 20 ಲಕ್ಷ ಡಾಲರ್ ಕೊಟ್ಟು ಅವರು ಅದನ್ನು ಇತ್ಯರ್ಥ ಮಾಡಿಕೊಂಡರು. ನಾವು ತೆಗೆದುಕೊಂಡದ್ದು ಅದಲ್ಲ, ಬೇರೆ. ಆದರೆ ಮಾತು ಅದೇ ಥರದ್ದು. ಆಡಿದರೆ ತಪ್ಪೇನಿಲ್ಲ, ಹೊತ್ತು ಹೋಗುತ್ತದೆ. ಔಷಧಿ ಅಂದುಕೊಂಡು ದುಡ್ಡು ಕಟ್ಟಬೇಡಿ. ನನ್ನ ಕಡೆಯಿಂದ ಐದಕ್ಕೆ ಒಂದು ಮಾರ್ಕು, ಅದೂ ಮೀನಿನ ಬಣ್ಣ ಚೆನ್ನಾಗಿತ್ತು ಅಂತ.

ಆಮೇಲೆ ಅತ್ತೆಯನ್ನು ಮಡಿಕೇರಿಯಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಇಲ್ಲಿ ಒಂದು ವಿಷಯ ನಡೆಯಿತು, ಅದನ್ನು ಬಿಡಿಸಿ ಹೇಳಬೇಕು. ಡಾಕ್ಟರು ಮಾಸ್ಕ್ ಹಾಕಿದ್ದರು. ಇವತ್ತು ಯಾವ ವಾರ, ಯಾವ ತಿಂಗಳು ಅಂತ ಕೇಳಿದರು. ಅತ್ತೆ ನನ್ನ ಮುಖ ನೋಡಿದರು. ಮೂರು ಪದ ಹೇಳುತ್ತೇನೆ, ನೆನಪಿಟ್ಟುಕೊಂಡು ಆಮೇಲೆ ಹೇಳಿ ಅಂದರು. ಅತ್ತೆ ಒಂದನ್ನೂ ಹೇಳಲಿಲ್ಲ. ನನಗೆ ಎದೆ ಧಸಕ್ಕಂದಿತು, ಮುಗಿಯಿತು ಕತೆ ಅಂದುಕೊಂಡೆ. ಡಾಕ್ಟರು ಒಂದು ನಿಮಿಷ ಸುಮ್ಮನಿದ್ದು, ಮಾಸ್ಕ್ ಕೆಳಗೆ ಎಳೆದು, ಕುರ್ಚಿಯನ್ನು ಮುಂದಕ್ಕೆ ತಂದು, ಅತ್ತೆಯ ಎದುರಿಗೇ ಕೂತು, ನಿಧಾನಕ್ಕೆ ಬೇರೆ ಮೂರು ಪದ ಹೇಳಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮೂರಕ್ಕೆ ಮೂರೂ ಬಂದವು. ವಾರವೂ ಬಂತು, ತಿಂಗಳೂ ಬಂತು, ಸಾಲದ್ದಕ್ಕೆ "ನಾಳೆ ಸಂತೆ" ಅಂತಲೂ ಸೇರಿಸಿದರು. ಗಡಿಯಾರದ ಚಿತ್ರ ಬಿಡಿಸಿ ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದಾಗ ಮುಳ್ಳುಗಳನ್ನು ಸರಿಯಾಗಿ ಎಳೆದರು.

"ಇವರು ಮರೆತದ್ದಲ್ಲಮ್ಮ, ಇವರಿಗೆ ಕೇಳಿಸಿರಲೇ ಇಲ್ಲ" ಅಂದರು ಡಾಕ್ಟರು. ಕೇಳಿಸದ ಪದವನ್ನು ಯಾರಾದರೂ ಎಲ್ಲಿಂದ ನೆನಪಿಟ್ಟುಕೊಳ್ಳುವುದು! ಇಷ್ಟು ಸರಳ ವಿಷಯ ಎರಡು ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಥೈರಾಯ್ಡ್ ಸರಿ ಇತ್ತು, ಬಿ12 ವಿಟಮಿನ್ ಕಡಿಮೆ ಇತ್ತು, ಅದಕ್ಕೆ ಮಾತ್ರೆ ಬರೆದುಕೊಟ್ಟರು. ಇವೆರಡರಲ್ಲಿ ಯಾವುದು ಕಡಿಮೆಯಾದರೂ ಮರೆವು ಬಂದ ಹಾಗೆ ಕಾಣುತ್ತದಂತೆ, ಸರಿ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದಂತೆ. ಹಾಗಾಗಿ ಮುಂದೆ ನಾನು ಕಿವಿ ಮಷೀನನ್ನು ಹೊಗಳುವಾಗ ಅದರಲ್ಲಿ ಸ್ವಲ್ಪ ಪಾಲು ಬಿ12 ಮಾತ್ರೆಯದ್ದೂ ಇರಬಹುದು ಅಂತ ಇಟ್ಟುಕೊಳ್ಳಿ. ಕಿವಿ ಡಾಕ್ಟರು ಮೊದಲು ಗುಗ್ಗೆ ತೆಗೆದರು. ಬಲಗಿವಿಯಿಂದ ಬಂದದ್ದನ್ನು ನೋಡಿ ಅತ್ತೆಗೇ ನಾಚಿಕೆಯಾಯಿತು. ಅಷ್ಟರಿಂದಲೇ ಸ್ವಲ್ಪ ಸುಧಾರಿಸಿತು. ಮಷೀನು ಗಿಷೀನು ಅನ್ನುವ ಮೊದಲು ಇದನ್ನು ಮಾಡಿಸಿ, ಕೆಲವರ ಕತೆ ಇಲ್ಲಿಗೇ ಮುಗಿಯುತ್ತದೆ.

ನಮ್ಮದು ಮುಗಿಯಲಿಲ್ಲ. ಪೇಟೆಯೊಂದರಲ್ಲಿ "ಉಚಿತ ಕಿವಿ ತಪಾಸಣೆ" ಅಂತ ಬೋರ್ಡು ನೋಡಿ ಹೋದೆವು. ರಸ್ತೆ ಬದಿಯ ಕೋಣೆ, ಹೊರಗೆ ಬಸ್ಸಿನ ಹಾರನ್ನು, ಒಳಗೆ ಕಿವಿಗೆ ಹೆಡ್‌ಫೋನು. ಹತ್ತೇ ನಿಮಿಷ. ಆಮೇಲೆ 1,60,000 ರೂಪಾಯಿಯ ಜೋಡಿಯನ್ನು ಮುಂದಿಟ್ಟರು. ಇವತ್ತೇ ತೆಗೆದುಕೊಂಡರೆ ಡಿಸ್ಕೌಂಟು, ನಾಳೆಗೆ ಇಲ್ಲ ಅಂದರು. ನಾಳೆ ಇಲ್ಲ ಅನ್ನುವವರ ಹತ್ತಿರ ಇವತ್ತೂ ಕೊಳ್ಳಬಾರದು ಅಂತ ನಮ್ಮವರು ಎದ್ದುಬಿಟ್ಟರು. ಅವರು ಕಾಫಿ ಮಾರಿದ ಅನುಭವದಿಂದ ಹೇಳಿದ್ದು, ಆದರೆ ಇಲ್ಲೂ ಸರಿಯಾಗಿ ಕೂತಿತು.

ಕೊನೆಗೆ ಮೈಸೂರಿಗೆ ಹೋದೆವು, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಆಟೋದವರಿಗೆ ಸ್ಪೀಚ್ ಅಂಡ್ ಹಿಯರಿಂಗ್ ಅಂದರೆ ಸಾಕು. ಮಡಿಕೇರಿಯಿಂದ ಹೆಚ್ಚುಕಡಿಮೆ 120 ಕಿಲೋಮೀಟರು, ಬೆಳಗ್ಗಿನ ಮೊದಲ ಬಸ್ಸು ಹಿಡಿದರೆ ಒಳ್ಳೆಯದು. ಯಾಕಂದರೆ ಅಲ್ಲಿ ಜನ ಜಾಸ್ತಿ, ಕಾಯಬೇಕು, ಒಂದೇ ದಿನದಲ್ಲಿ ಎಲ್ಲ ಮುಗಿಯುತ್ತದೆ ಅಂತ ಲೆಕ್ಕ ಹಾಕಿಕೊಂಡು ಹೋಗಬೇಡಿ. ಆದರೆ ಪರೀಕ್ಷೆ ಅಂದರೆ ಪರೀಕ್ಷೆ. ಹೊರಗಿನ ಸದ್ದು ಬಾರದ ಕೋಣೆ, ಬಾಗಿಲು ಮುಚ್ಚಿದರೆ ನಮ್ಮ ಉಸಿರು ನಮಗೇ ಕೇಳಬೇಕು. ಪೀಂ ಅಂದಾಗಲೆಲ್ಲ ಗುಂಡಿ ಒತ್ತಬೇಕು. 250 ಹರ್ಟ್ಜ್‌ನ ದಪ್ಪ ಸದ್ದಿನಿಂದ 8000 ಹರ್ಟ್ಜ್‌ನ ಸಣ್ಣ ಕೀರಲು ಸದ್ದಿನ ತನಕ ನೋಡಿ ಗ್ರಾಫ್ ಹಾಕುತ್ತಾರೆ, ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಿಸು ಗುರುತು. ಅತ್ತೆಯ ಗ್ರಾಫಿನ ಗೆರೆ ಎಡಕ್ಕೆ ಸುಮಾರಾಗಿ ಮೇಲೇ ಇತ್ತು, ಬಲಕ್ಕೆ ಹೋಗುತ್ತಾ ಸಂಪಾಜೆ ಘಾಟಿಯ ಹಾಗೆ ಇಳಿದುಬಿಟ್ಟಿತ್ತು.

ಆ ಇಳಿಜಾರನ್ನು ತೋರಿಸಿ ಅಲ್ಲಿನ ಹುಡುಗಿ ಹೇಳಿದ್ದು ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾತು. ವಯಸ್ಸಾದಾಗ ಮೊದಲು ಹೋಗುವುದು ಸಣ್ಣ ಕೀರಲು ಸದ್ದುಗಳು. ಅ, ಉ, ಓ ಥರದ ಸ್ವರಗಳು ದಪ್ಪ, ಅವು ಕೇಳುತ್ತವೆ. ಸ, ಶ, ತ, ಕ ಇವು ತೆಳು, ಇವು ಉದುರಿಹೋಗುತ್ತವೆ. ಹಾಗಾಗಿ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಸೊಪ್ಪಿನ ಸಕಾರ ಹೋದರೆ ಉಳಿಯುವುದು ಏನು, ನೀವೇ ಹೇಳಿ ನೋಡಿ. ನಾನು ಅವತ್ತು ಕೂಗಿದ್ದೂ ದಂಡವೇ. ಕೂಗಿದರೆ ಸ್ವರ ಜೋರಾಗುತ್ತದೆ, ಸಕಾರ ಅಲ್ಲೇ ಇರುತ್ತದೆ. ಬೆಳಕಿನಲ್ಲಿ ಮುಖ ಕಾಣುವ ಹಾಗೆ ನಿಂತು ನಿಧಾನಕ್ಕೆ ಹೇಳಬೇಕಿತ್ತು, ಅಷ್ಟೇ.

ಇನ್ನು ಮಷೀನು. ಒಂದೆರಡು ಬಗೆಯದ್ದನ್ನು ಹಾಕಿಸಿ ಮಾತಾಡಿಸಿ ನೋಡಿ ಆರಿಸಿದೆವು. ಕಂಪನಿ ಹೆಸರು ಬರೆಯುವುದಿಲ್ಲ, ನಿಮ್ಮ ಮನೆಯವರ ಗ್ರಾಫಿಗೆ ಬೇರೆಯದೇ ಹೊಂದಬಹುದು. ಕಿವಿಯ ಹಿಂದೆ ಕೂರುವ ಡಿಜಿಟಲ್ ಮಾದರಿ, ಎರಡೂ ಕಿವಿಗೆ ಸೇರಿ 52,000 ಆಯಿತು. ಕಿವಿ ಮಷೀನಿಗೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಯಾರಾದರೂ ಸೇರಿಸಿದ್ದರೆ ಕೇಳಿ. ಚಾರ್ಜ್ ಮಾಡುವ ಮಾದರಿಯೂ ಇತ್ತು, ನೋಡಲು ಅದೇ ಚೆಂದ, ನಾದಿನಿಯದ್ದೂ ಅದೇ ಹಟ. ನಾನು ಬೇಡ ಅಂದೆ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಮರ ಬಿದ್ದು ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ, ಮಷೀನು ಚಾರ್ಜ್ ಇಲ್ಲದೆ ಡಬ್ಬಿಯಲ್ಲಿ ಕೂತರೆ ಅತ್ತೆ ಮತ್ತೆ ಮೂಲೆಯಲ್ಲಿ ಕೂರುತ್ತಾರೆ. ಬ್ಯಾಟರಿಯದ್ದನ್ನೇ ತೆಗೆದುಕೊಂಡೆವು. ಕೊಡಗಿನಲ್ಲಿರುವವರು ಇದೊಂದನ್ನು ಯೋಚಿಸಿಯೇ ಕೊಳ್ಳಿ.

ಬ್ಯಾಟರಿ 13 ನಂಬರಿನದು, ಮೇಲೆ ಕಿತ್ತಳೆ ಬಣ್ಣದ ಸ್ಟಿಕ್ಕರು. 312 ಅಂತ ಇನ್ನೂ ಚಿಕ್ಕದೊಂದು ಬರುತ್ತದೆ, ಕಂದು ಸ್ಟಿಕ್ಕರಿನದು. ಕಾಫಿ ಕೊಯ್ದು ಒರಟಾದ ಬೆರಳಿಗೆ ಅದು ಸಿಗುವುದೇ ಇಲ್ಲ. ಇವು ಗಾಳಿ ತಾಗಿದರೆ ಕೆಲಸ ಶುರುಮಾಡುವ ಬ್ಯಾಟರಿ. ಸ್ಟಿಕ್ಕರು ಕಿತ್ತು ಒಂದೆರಡು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಬೇಕು. ಒಮ್ಮೆ ಕಿತ್ತರೆ ಮುಗಿಯಿತು, ತಿರುಗಿ ಅಂಟಿಸಿದರೆ ಉಳಿಯುವುದಿಲ್ಲ. ಅತ್ತೆ ಮೊದಲ ದಿನವೇ ಆರಕ್ಕೆ ಆರೂ ಸ್ಟಿಕ್ಕರು ಕಿತ್ತು ಸಾಲಾಗಿ ಜೋಡಿಸಿಟ್ಟಿದ್ದರು, ಅಚ್ಚುಕಟ್ಟಾಗಿ ಇರಲಿ ಅಂತ! ಆರರ ಕಾರ್ಡು 250 ರೂಪಾಯಿ ಆಸುಪಾಸು, ಒಂದು ಬ್ಯಾಟರಿ ನಮ್ಮಲ್ಲಿ ಎಂಟೊಂಬತ್ತು ದಿನ ಬರುತ್ತದೆ. ಈಗ ಕಿತ್ತ ಸ್ಟಿಕ್ಕರನ್ನು ಕ್ಯಾಲೆಂಡರಿನ ಆ ತಾರೀಖಿನ ಮೇಲೆ ಅಂಟಿಸುತ್ತಾರೆ, ಮುಂದಿನದು ಯಾವಾಗ ಅಂತ ಲೆಕ್ಕ ಸಿಗುತ್ತದೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಅವರದ್ದೇ ಉಪಾಯ. ಅರಳುಮರಳಂತೆ! ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬ್ಯಾಟರಿ ಜೋಪಾನ, ನುಂಗಿದರೆ ತುಂಬಾ ಅಪಾಯ.

ಮೊದಲ ವಾರ ಏನೂ ಚೆನ್ನಾಗಿರಲಿಲ್ಲ. ಇದನ್ನು ಯಾರೂ ಮುಂಚೆ ಹೇಳುವುದಿಲ್ಲ ಅಂತ ಬರೆಯುತ್ತಿದ್ದೇನೆ. ಸ್ಟೀಲು ತಟ್ಟೆ ಇಟ್ಟರೆ ಬೆಚ್ಚಿಬೀಳುತ್ತಿದ್ದರು. ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತದೆ ತೆಗಿ ಅಂದರು. ತಮ್ಮ ದನಿಯೇ ಡಬ್ಬದೊಳಗಿಂದ ಬಂದ ಹಾಗಿದೆ ಅಂದರು. ಚಳಿಗೆ ತಲೆಗೆ ವಸ್ತ್ರ ಕಟ್ಟಿದರೆ ಮಷೀನು ಕುಂಯ್ ಅಂತ ಸಿಳ್ಳೆ ಹಾಕುತ್ತಿತ್ತು, ನಾಯಿ ಎದ್ದು ನಿಂತು ನೋಡುತ್ತಿತ್ತು. ನಾಲ್ಕನೇ ದಿನ ಬಿಚ್ಚಿ ಡಬ್ಬಿಗೆ ಹಾಕಿ "ಇದು ನನಗೆ ಬೇಡ, ನಿಮಗೆ ದುಡ್ಡು ದಂಡ" ಅಂದರು. ಎಷ್ಟೋ ಮನೆಗಳಲ್ಲಿ ಮಷೀನು ಕಪಾಟು ಸೇರುವುದು ಈ ಹಂತದಲ್ಲೇ. ವರ್ಷಗಟ್ಟಲೆ ಕೇಳದಿದ್ದ ಸದ್ದನ್ನು ಮೆದುಳು ಮತ್ತೆ ವಿಂಗಡಿಸಲು ಕಲಿಯಬೇಕು, ಯಾವುದು ಮಾತು, ಯಾವುದು ಗಲಾಟೆ ಅಂತ. ಅದಕ್ಕೆ ವಾರಗಳು ಬೇಕು, ಕೆಲವರಿಗೆ ತಿಂಗಳುಗಳೇ ಬೇಕು. ನಾವು ದಿನಕ್ಕೆ ಒಂದು ಗಂಟೆ, ಎರಡು ಗಂಟೆ ಅಂತ ಹೆಚ್ಚಿಸುತ್ತಾ ಹೋದೆವು. ಬೆಳಗ್ಗೆ ಮಡಿಕೇರಿ ಆಕಾಶವಾಣಿ 103.1 ಹಾಕಿ ಪಕ್ಕದಲ್ಲೇ ಕೂರಿಸಿದೆವು. ಸದ್ದು ಸರಿಹೊಂದಿಸಲು ಮೂರು ಸಲ ಮೈಸೂರಿಗೆ ಹೋಗಿ ಬಂದೆವು. ಆ ಬಸ್ಸಿನ ಖರ್ಚು, ಒಂದು ದಿನದ ಕೆಲಸ, ಇವನ್ನೂ ಬೆಲೆಯ ಜೊತೆ ಸೇರಿಸಿಯೇ ನೋಡಬೇಕು.

ಹುತ್ತರಿ ಹಬ್ಬದ ಹೊತ್ತಿಗೆ ನೆಂಟರೆಲ್ಲ ಸೇರಿದಾಗ ಮಷೀನು ಸೋತಿತು. ಹತ್ತು ಜನ ಒಟ್ಟಿಗೆ ಮಾತಾಡಿದರೆ, ಪಟಾಕಿ ಹೊಡೆದರೆ, ಏನೂ ತಿಳಿಯುವುದಿಲ್ಲ. ಈಗಲೂ ಅಷ್ಟೇ, ಗುಂಪಿನಲ್ಲಿ ಅಷ್ಟಕ್ಕಷ್ಟೆ. ಆದರೆ ಒಬ್ಬರು, ಇಬ್ಬರು ಎದುರಿಗಿದ್ದರೆ ಬೇರೆಯೇ ಮನುಷ್ಯರು. ಅತ್ತೆ ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ಕನ್ನಡ, ಪಕ್ಕದ ತೋಟದವರ ಜೊತೆ ಕೊಡವ ತಕ್ಕ್, ಮೀನಿನವನ ಹತ್ತಿರ ಮಲಯಾಳ ಮಾತಾಡುವವರು. ಆ ನಾಲ್ಕೂ ವಾಪಸ್ ಬಂದವು. ಮೀನಿನವನ ಹತ್ತಿರ ಚೌಕಾಸಿ ಮತ್ತೆ ಶುರುವಾದ ದಿನ ಅವನಿಗೆ ಎಷ್ಟು ಬೇಸರವಾಯಿತೋ ನಮಗೆ ಅಷ್ಟೇ ಖುಷಿ. ಈ ಭಾಷೆಗಳ ವಿಷಯದಲ್ಲಿ ನಮ್ಮ ದೇಶದಲ್ಲೇ ಒಂದು ಅಧ್ಯಯನ ಆಗಿದೆ. ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಯವರು ಹೈದರಾಬಾದಿನಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇದ್ದ 648 ಜನರನ್ನು ನೋಡಿ 2013ರಲ್ಲಿ ಪ್ರಕಟಿಸಿದ್ದು. ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದು ಬರಹ ಇಲ್ಲದವರಲ್ಲೂ ಹಾಗೇ. ಆ ಲೆಕ್ಕದಲ್ಲಿ ಕೊಡಗಿನ ಸಂತೆಯೇ ಒಂದು ಒಳ್ಳೆಯ ಆ್ಯಪು. ಆದರೆ ಕಿವಿಯೇ ಮುಚ್ಚಿದ್ದರೆ ನಾಲ್ಕು ಭಾಷೆ ಇದ್ದು ಏನು ಬಂತು?

ಕಿವಿ ಮಷೀನು ಹಾಕಿದರೆ ಮರೆವಿನ ಕಾಯಿಲೆ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಆ್ಯಪಿನವರ ಮಾತಿಗೂ ಅದಕ್ಕೂ ವ್ಯತ್ಯಾಸ ಇಲ್ಲ. ತಿಳಿದಿರುವುದು ಇಷ್ಟು. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ತಂಡ 2024ರಲ್ಲಿ ಡಿಮೆನ್ಷಿಯಾಕ್ಕೆ ದಾರಿ ಮಾಡುವ, ನಾವು ಬದಲಾಯಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಬಿಪಿ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಒಂಟಿತನ, ಖಿನ್ನತೆ ಎಲ್ಲ ಅದರಲ್ಲಿವೆ, ಕಿವಿ ಮಂದ ಆಗುವುದು ದೊಡ್ಡ ಕಾರಣಗಳಲ್ಲಿ ಒಂದು. ಮಷೀನಿನ ಬಗ್ಗೆಯೇ ನಡೆದ ಒಂದು ದೊಡ್ಡ ಪರೀಕ್ಷೆ ಅಮೆರಿಕದ್ದು, 2023ರಲ್ಲಿ ಬಂತು. 70ರಿಂದ 84 ವಯಸ್ಸಿನ 977 ಜನ, ಮೂರು ವರ್ಷ. ಒಟ್ಟು ಎಲ್ಲರನ್ನೂ ಸೇರಿಸಿ ನೋಡಿದರೆ ನೆನಪಿನಲ್ಲಿ, ಯೋಚನೆಯಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಹೆಚ್ಚಿದ್ದ ಗುಂಪಿನವರಲ್ಲಿ ಮಷೀನು ಹಾಕಿಕೊಂಡವರ ನೆನಪು, ಯೋಚನೆಯ ಇಳಿತ ಹಾಕದವರಿಗಿಂತ 48 ಶೇಕಡ ನಿಧಾನವಾಗಿತ್ತು. ಅತ್ತೆ ಯಾವ ಗುಂಪಿನವರೋ ನಾನು ಹೇಳಲಾರೆ. ನಾನು ನೋಡಿದ್ದು ಅವರು ಮೂಲೆಯ ಕುರ್ಚಿ ಬಿಟ್ಟು ಎದ್ದದ್ದನ್ನು. "ನನ್ನ ವಿಷಯವೇ ತಾನೇ?" ಅನ್ನುವ ಪ್ರಶ್ನೆ ನಿಂತದ್ದನ್ನು. 52,000ಕ್ಕೆ ನನಗೆ ಅದು ಸಾಕು.

ಈಗ ಮಳೆಗಾಲದ ಪಾಠ. ಕೊಡಗಿನ ಮಳೆಗೆ ಚಪ್ಪಲಿಗೇ ಬೂಸ್ಟು ಬರುತ್ತದೆ, ಮಷೀನು ಬಿಡುತ್ತದಾ? ಜೂನ್ ಎರಡನೇ ವಾರ ಬಲಗಿವಿಯದ್ದು ಗೊರಗೊರ ಅಂದು ನಿಂತೇಹೋಯಿತು. ಮಷೀನಿನಿಂದ ಕಿವಿಗೆ ಹೋಗುವ ಪೈಪಿನೊಳಗೆ ನೀರಿನ ಹನಿ, ಊದಿ ತೆಗೆದ ಮೇಲೆ ಸರಿಯಾಯಿತು. ಮಷೀನಿನ ಜೊತೆ ತೇವ ಹೀರುವ ಸಿಲಿಕಾ ಮಣಿಗಳ ಒಂದು ಡಬ್ಬಿ ಕೊಟ್ಟಿದ್ದರು, ನಾವು ಅದನ್ನು ಮೂಲೆಗೆ ಎಸೆದಿದ್ದೆವು. ಈಗ ರಾತ್ರಿ ಬ್ಯಾಟರಿ ತೆಗೆದು, ಮುಚ್ಚಳ ತೆರೆದಿಟ್ಟು, ಅದರೊಳಗೆ ಇಡುತ್ತೇವೆ. ನೀಲಿ ಮಣಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ತುಂಬಿದೆ ಅಂತ ಅರ್ಥ, ಬದಲಿಸಬೇಕು. ಬೇರೆಡೆ ಆರು ತಿಂಗಳು ಬರುತ್ತದಂತೆ, ನಮ್ಮಲ್ಲಿ ಮೂರೇ ವಾರಕ್ಕೆ ಗುಲಾಬಿ. ಅತ್ತೆ ತಮ್ಮದೇ ದಾರಿ ಹಿಡಿದು ಒಂದು ರಾತ್ರಿ ಮಷೀನನ್ನು ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು, ಮಳೆಗಾಲದಲ್ಲಿ ಈ ಮನೆಯಲ್ಲಿ ಎಲ್ಲ ಒಣಗುವುದೇ ಅಲ್ಲಿ. ಪುಣ್ಯಕ್ಕೆ ಕರಗುವ ಮೊದಲು ನೋಡಿದೆ. ಶೀಟಿನ ಮೇಲೆ ಜೋರು ಮಳೆ ಬಿದ್ದರೆ ಮಷೀನಿನಲ್ಲಿ ಬರೀ ಮಳೆಯೇ ಕೇಳುತ್ತದೆ. ಗಲಾಟೆ ಕಡಿಮೆ ಮಾಡುವ ಎರಡನೇ ಬಟನ್ ಇದೆ, ಅದು ನಮ್ಮ ಮಳೆಗೆ ಯಾವ ಲೆಕ್ಕಕ್ಕೂ ಇಲ್ಲ.

ಮಾರ್ಕು ಐದಕ್ಕೆ ನಾಲ್ಕು. ಒಂದು ಕಳೆದದ್ದು ಗುಂಪಿಗೆ, ಮಳೆಗೆ, ಮತ್ತೆ ಮೈಸೂರು ಬಸ್ಸಿಗೆ. ಒಂದು ಅಡ್ಡ ಪರಿಣಾಮವೂ ಇದೆ, ಸೊಸೆಯಂದಿರು ಗಮನಿಸಿ. ಎರಡು ವರ್ಷ ಅಡುಗೆಮನೆಯಲ್ಲಿ ನನ್ನಷ್ಟಕ್ಕೆ ಗೊಣಗಿಕೊಂಡು ಹಾಯಾಗಿದ್ದೆ. ಮೊನ್ನೆ ಪಾತ್ರೆ ತೊಳೆಯುತ್ತಾ ಏನೋ ಅಂದುಕೊಂಡೆ, ಜಗಲಿಯಿಂದ ದನಿ ಬಂತು: "ಅದನ್ನು ಸ್ವಲ್ಪ ಜೋರಾಗಿ ಹೇಳು, ಎಡಗಿವಿಯ ಬ್ಯಾಟರಿ ಮುಗಿಯುತ್ತಾ ಬಂದಿದೆ."